ಪ್ರೆಸ್ ಬಟನ್ ಅಂಗಿ

ಬಿಟ್ಟಿ ಸಹಾಯ ಮಾಡುತ್ತೇನೆ ಎಂದು ಬಂದವರನ್ನು ನಾನು ಈ ಜನ್ಮದಲ್ಲಿ ನಂಬಿದವಳಲ್ಲ. ಟ್ವೈಲಾ ಬ್ಯಾಸ್ಕಮ್ ನಮ್ಮ ಅಡುಗೆಮನೆಯಲ್ಲಿ ಕುರ್ಚಿ ಎಳೆದುಕೊಂಡು ಕೂತಾಗ ನನಗೆ ಮೊದಲು ಬಂದ ಯೋಚನೆ, ಇದರಲ್ಲಿ ಇವಳಿಗೇನು ಸಿಗುತ್ತದೆ ಎಂಬುದೇ. ಹಿಂದೆ ನೌಕಾಪಡೆಯಲ್ಲಿದ್ದವಳಂತೆ. ಈಗ ನಮ್ಮ ಕೌಂಟಿಯ ಮಾಜಿ ಸೈನಿಕರಿಗೆ ಸರ್ಕಾರದಿಂದ ಏನೇನು ಸಿಗುತ್ತದೆಂದು ತಿಳಿಸಿ ಅರ್ಜಿ ಹಾಕಿಸುವುದು ಅವಳ ಕೆಲಸ. ನಮ್ಮಿಂದ ಒಂದು ಕಾಸೂ ಬೇಡವಂತೆ. ಅಲ್ಲಿಗೆ ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು.

ನನ್ನ ಗಂಡ ಹಾರ್ಲನ್ ವಿಯೆಟ್ನಾಂ ಯುದ್ಧದ ಕಾಲದಲ್ಲಿ ಥಾಯ್ಲೆಂಡಿನ ಒಂದು ವಿಮಾನ ನೆಲೆಯಲ್ಲಿ ಕಾವಲಿಗಿದ್ದವನು. ಬೇಲಿಯ ಸುತ್ತ ಗಿಡಗಂಟಿ ಸಾಯಲೆಂದು ಸಿಂಪಡಿಸಿದ ವಿಷದಲ್ಲೇ ಓಡಾಡಿದವನು. ಕೈನಡುಕ ಶುರುವಾದಾಗ ಸರ್ಕಾರದ ಬಳಿ ಪರಿಹಾರ ಕೇಳಿಕೊಂಡು ಹೋದರೆ, ನೀವು ವಿಯೆಟ್ನಾಮಿಗೆ ಕಾಲಿಟ್ಟೇ ಇಲ್ಲವಲ್ಲ ಎಂದು ವಾಪಸು ಕಳಿಸಿದ್ದರು. ಆ ಅವಮಾನವನ್ನು ಅವನು ಮರೆತಿರಲಿಲ್ಲ, ನಾನೂ ಮರೆತಿರಲಿಲ್ಲ.

"ಕಾನೂನು ಬದ್ಲಾಗಿದೆ ಹಾರ್ಲನ್," ಎಂದಳು ಟ್ವೈಲಾ. "ಈಗ ಥಾಯ್ಲೆಂಡಲ್ಲಿದ್ದೋರೂ ಸೇರ್ತಾರೆ. ಪಾರ್ಕಿನ್ಸನ್ ಆ ವಿಷದಿಂದ್ಲೇ ಬಂತು ಅಂತ ನೀವು ರುಜುವಾತು ಮಾಡ್ಬೇಕಿಲ್ಲ. ಕಾಯಿಲೆ ಎಷ್ಟು ಜೋರಾಗಿದೆ ಅಂತ ಡಾಕ್ಟರ್ ನೋಡ್ತಾರೆ. ಸ್ನಾನ ಮಾಡ್ಸೋಕೆ, ಬಟ್ಟೆ ಹಾಕೋಕೆ ಮನೆಗೆ ಜನ ಬರ್ತಾರೋ ಇಲ್ವೋ ಅನ್ನೋದು ಅದ್ರ ಮೇಲಿದೆ."

ನನಗೆ ಬೇಕಿದ್ದದ್ದು ಅದೇ. ನನ್ನ ಸೊಂಟ ಹೋಗಿದೆ. ಈಚೆಗೊಮ್ಮೆ ಅವನನ್ನು ಸ್ನಾನದ ತೊಟ್ಟಿಯಿಂದ ಎತ್ತಲು ಹೋಗಿ ಇಬ್ಬರೂ ಜಾರಿ ಅಲ್ಲೇ ಕೂತಿದ್ದೆವು. ಮಕ್ಕಳಿಗೆ ಹೇಳಿಲ್ಲ. ಇನ್ನೊಮ್ಮೆ ಹಾಗಾದರೆ ಹಾರ್ಲನ್‌ನನ್ನು ವೃದ್ಧಾಶ್ರಮಕ್ಕೆ ಸೇರಿಸದೆ ಬೇರೆ ದಾರಿಯಿಲ್ಲ.

ಕಾಫಿ ಸುರಿದೆ. ಹಾರ್ಲನ್‌ನ ಲೋಟಕ್ಕೆ ಅರ್ಧ, ಅವಳದಕ್ಕೆ ತುಂಬ. ಟ್ವೈಲಾಳ ಕಣ್ಣು ಎರಡೂ ಲೋಟದ ಮೇಲೆ ಹರಿದಾಡಿತು. ಇವಳೇನು ನಮ್ಮ ಪಾತ್ರೆಪಡಗ ಲೆಕ್ಕ ಹಾಕುತ್ತಿದ್ದಾಳೋ ಎಂದುಕೊಂಡೆ.

"ಅಂಗಿ ನೀವೇ ಹಾಕ್ಕೋತೀರಾ? ತಟ್ಟೇಲಿ ಮಾಂಸ ನೀವೇ ಕತ್ತರಿಸ್ತೀರಾ?"

"ಎಲ್ಲಾ ನಾನೇ," ಎಂದ ಹಾರ್ಲನ್.

ಹೊರಡುವಾಗ ಅವಳು ಬಾಗಿಲ ಬಳಿ ನನ್ನೊಬ್ಬಳನ್ನೇ ನಿಲ್ಲಿಸಿ ಮೆತ್ತಗೆ ಹೇಳಿದಳು. "ಡಾಕ್ಟರ ಹತ್ರ ಹೋಗೋ ದಿನ ಅವ್ರೇ ಬಟ್ಟೆ ಹಾಕ್ಕೊಳ್ಲಿ. ಗಡ್ಡ ಹೇಗಿದ್ರೂ ಇರ್ಲಿ. ನೀವು ಕೈ ಹಾಕ್ಬೇಡಿ, ವರ್ನೆಲ್."

ನನಗೆ ಮೈ ಉರಿದುಹೋಯಿತು. "ಅಂದ್ರೆ, ನಾಟಕ ಆಡ್ಸು ಅಂತೀಯಾ?"

"ನಾಟಕ ಬೇಡ ಅಂತ್ಲೇ ಹೇಳ್ತಿರೋದು," ಎಂದು ಹೊರಟುಹೋದಳು.

ಸಂಜೆ ಲೀಜನ್ ಸಭಾಂಗಣದಲ್ಲಿ ಬೀನ್ಸ್ ಸೂಪಿನ ಊಟ. ಊರಿನ ಹಳೇ ಸೈನಿಕರೆಲ್ಲ ಸೇರುವ ಜಾಗ ಅದು. ಹಾರ್ಲನ್‌ನ ಗೆಳೆಯ ಡಬ್ ಫೆನ್ನರ್‌ಗೆ ವಿಷಯ ಹೇಳಿದೆ. ಅವನು ಚಮಚ ಕೆಳಗಿಟ್ಟು ಅತ್ತಿತ್ತ ನೋಡಿದ.

"ಅವ್ಳು ಸರ್ಕಾರದೋರ ಕಡೆಯೋಳೇ ಕಣಮ್ಮಾ. ಆಸ್ಪತ್ರೆ ಕಿಟಕೀಲಿ ಕೂತು ನೋಡ್ತಿರ್ತಾರೆ. ಕಾರಿಂದ ಹೇಗೆ ಇಳೀತಾನೆ, ಹೇಗೆ ಹತ್ತುತಾನೆ, ಎಲ್ಲಾ. ಸ್ವಲ್ಪ ಹೆಚ್ಚುಕಮ್ಮಿ ಆದ್ರೆ ಕಳ್ಳ ಅಂತ ಹಣೆಪಟ್ಟಿ ಕಟ್ಟಿ ಕಳಿಸ್ತಾರೆ."

"ನಾನೇನು ಕಳ್ಳನಲ್ಲ," ಎಂದ ಹಾರ್ಲನ್. ಅವನ ಕೈ ಮೇಜಿನ ಕೆಳಗಿತ್ತು.

ಡಾಕ್ಟರ ಬಳಿ ಹೋಗುವ ದಿನ ಬಂತು. ನಾನು ಟ್ವೈಲಾಳ ಮಾತನ್ನು ಗಾಳಿಗೆ ತೂರಿದೆ. ಸೈನ್ಯದಲ್ಲಿದ್ದವನು ಡಾಕ್ಟರ ಮುಂದೆ ಕೆದರಿದ ತಲೆಯಲ್ಲಿ ಹೋಗಿ ನಿಲ್ಲುವುದುಂಟೇ? ಗಡ್ಡ ಹೆರೆದೆ. ಬೂಟಿಗೆ ಪಾಲಿಶ್ ಹಾಕಿದೆ. ನೀಲಿ ಅಂಗಿಗೆ ಗರಿಗರಿಯಾಗಿ ಇಸ್ತ್ರಿ ಮಾಡಿದೆ. ಅವನ ಅಂಗಿಗಳ ಕಾಜಾಗಳನ್ನೆಲ್ಲ ನಾನು ಎಂದೋ ಹೊಲಿದು ಮುಚ್ಚಿದ್ದೇನೆ. ಗುಂಡಿಗಳು ಮೇಲೆ ತೋರಿಕೆಗೆ ಮಾತ್ರ. ಒಳಗೆ ಒತ್ತಿದರೆ ಟಕ್ಕೆಂದು ಕೂರುವ ಪ್ರೆಸ್ ಬಟನ್. ಇದರ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಿದ್ದಿಲ್ಲ.

ಆಸ್ಪತ್ರೆಯ ಮುಂದೆ ಕಾರು ನಿಲ್ಲಿಸಿ, ರೂಢಿಯಂತೆ ಅವನ ಸೀಟ್‌ಬೆಲ್ಟ್ ಬಿಚ್ಚಲು ಕೈ ಚಾಚಿದೆ. ಅವನು ನನ್ನ ಕೈ ತಳ್ಳಿದ.

"ಕೈ ತೆಗಿ. ಕಿಟಕೀಲಿ ನೋಡ್ತಿರ್ತಾರೆ. ನಾಟಕ ಅಂದ್ಕೊಂಡಾರು."

ತಾನೇ ಬಿಚ್ಚಿದ. ಬಹಳ ಹೊತ್ತು ಹಿಡಿಯಿತು. ನಾನು ಸುಮ್ಮನೆ ಆ ಕಿಟಕಿಗಳನ್ನು ದಿಟ್ಟಿಸುತ್ತ ಕೂತಿದ್ದೆ. ಎಲ್ಲ ಕಿಟಕಿಗೂ ಪರದೆ ಎಳೆದಿತ್ತು. ಅದೂ ನನಗೆ ಸರಿಬರಲಿಲ್ಲ.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. "ಹೇಗಿದೀರಿ?" ಎಂದಳು.

"ಚೆನ್ನಾಗಿದೀನಿ ಮ್ಯಾಡಂ." ಹಾರ್ಲನ್ ಎದೆ ಸೆಟೆದು ಕೂತಿದ್ದ, ಬಲಗೈ ತೊಡೆಯ ಕೆಳಗೆ. ಆರ್ಮಿ ಡಾಕ್ಟರ ಮುಂದೆ ನೋವು ಹೇಳಿಕೊಂಡವನನ್ನು ಜೊತೆಯವರು ವಾರಗಟ್ಟಲೆ ಆಡಿಕೊಳ್ಳುತ್ತಿದ್ದ ಕಾಲದವನು ಅವನು. ಊಟ ತಾನೇ ಮಾಡುತ್ತೇನೆಂದ. ಸ್ನಾನ ತಾನೇ ಮಾಡುತ್ತೇನೆಂದ. ಅಂಗಿ ತೆಗೆದು ಮತ್ತೆ ಹಾಕಿಕೊಳ್ಳಿ ಎಂದಳು ಡಾಕ್ಟರು. ಟಕ್, ಟಕ್, ಟಕ್. ನಡುಗುವ ಮುಷ್ಟಿಯಿಂದ ಒತ್ತಿದರೂ ಬಟನ್‌ಗಳು ಕೂತವು. ಡಾಕ್ಟರು ಕಂಪ್ಯೂಟರಿಗೆ ತಿರುಗಿ, "ಗುಂಡಿ ತಾವೇ ಹಾಕಿಕೊಳ್ಳುತ್ತಾರೆ," ಎಂದು ಬಾಯಿಬಿಟ್ಟು ಹೇಳುತ್ತ ಟೈಪ್ ಮಾಡಿದಳು.

ಆಗ ನನಗೆ, ಅವನ ಕೈಯಲ್ಲಿ ಚೆಲ್ಲದಿರಲೆಂದು ಅರ್ಧವೇ ತುಂಬಿದ್ದ ಲೋಟ ನೆನಪಾಯಿತು. ಟ್ವೈಲಾ ಲೆಕ್ಕ ಹಾಕಿದ್ದು ಪಾತ್ರೆಗಳನ್ನಲ್ಲ. ಇಷ್ಟು ವರ್ಷ ಈ ಮನೆಯಲ್ಲಿ ನಾಟಕ ಆಡಿಸಿದವಳು ನಾನೇ. ಇಸ್ತ್ರಿ ಮಾಡಿದ ಅಂಗಿ ಹಾಕಿಸಿ ನನ್ನ ಗಂಡನನ್ನು ನನ್ನ ಕೈಯಾರೆ ವೃದ್ಧಾಶ್ರಮದ ಬಾಗಿಲಿಗೆ ತಂದು ನಿಲ್ಲಿಸಿದ್ದೆ.

"ಅಳಿಸಿ ಅದನ್ನ," ಎಂದೆ. ಎದ್ದು ಹೋಗಿ ಅವನ ಅಂಗಿಯ ಪಟ್ಟಿ ಮಗುಚಿ ತೋರಿಸಿದೆ. "ಇದು ಗುಂಡಿ ಅಲ್ಲ ಡಾಕ್ಟ್ರೇ. ನಾನು ಹೊಲಿದ ಸುಳ್ಳು."

ಹಾರ್ಲನ್‌ನ ಮುಖ ಕೆಂಪಾಯಿತು. "ವರ್ನೆಲ್, ನೀನು ಯಾರ ಕಡೆ?"

"ನಿನ್ನ ಕಡೇನೇ ಕಣೋ ಮುದುಕಾ. ಅದಕ್ಕೇ ಬಾಯಿ ಬಿಟ್ಟಿದ್ದು."

ಡಾಕ್ಟರು ಮೊಳೆಗೆ ತೂಗುಹಾಕಿದ್ದ ತನ್ನ ಬಿಳಿ ಕೋಟು ತಂದು ಅವನಿಗೆ ತೊಡಿಸಿದಳು. ನಿಜವಾದ ಗುಂಡಿ, ನಿಜವಾದ ಕಾಜಾ. ಅವನು ಮೊದಲನೆಯದಕ್ಕೆ ಕೈ ಹಾಕಿದ. ಬೆರಳು ಜಾರಿತು. ಮತ್ತೆ ಹಾಕಿದ. ನನ್ನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ನಾನು ಕುರ್ಚಿಗೆ ಮರಳಿ ಆ ಕೈಯ ಮೇಲೇ ಕೂತೆ. ಆ ಗುಂಡಿ ಕೊನೆಗೂ ಕಾಜಾ ಸೇರಲಿಲ್ಲ. ಅವನು ಕೈ ಕೆಳಗಿಳಿಸಿ ಗೋಡೆ ನೋಡಿದ.

ಡಾಕ್ಟರು ಬರೆದದ್ದನ್ನು ಅಳಿಸಿ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು. "ಬೆಳಿಗ್ಗೆ ಎದ್ದಾಗಿಂದ ಹೇಳಿ."

ಹೇಳಿದೆ. ಕಾಲುಚೀಲ, ಗಡ್ಡ, ಸ್ನಾನದ ತೊಟ್ಟಿ, ಅರ್ಧ ಲೋಟ, ಅಡುಗೆಮನೆಯಲ್ಲೇ ಚೂರು ಮಾಡಿ ತರುವ ಮಾಂಸ. ಹಾರ್ಲನ್ ಗೋಡೆ ನೋಡುತ್ತಲೇ, "ಮಾಂಸದ್ದು ನಂಗೆ ಗೊತ್ತಿತ್ತು," ಎಂದ.

ಹೊರಗೆ ಬಂದು ಕಾರಿನಲ್ಲಿ ಕೂತೆವು. ಅವನು ಸೀಟ್‌ಬೆಲ್ಟ್ ಎಳೆದು ಕೊಂಡಿಗೆ ಗುರಿಯಿಟ್ಟ. ತಪ್ಪಿತು. ನಾನು ಸ್ಟೀರಿಂಗ್ ಹಿಡಿದು ನೆಟ್ಟಗೆ ಕೂತಿದ್ದೆ. ಮೇಲೆ ಒಂದು ಕಿಟಕಿಯ ಪರದೆ ಸರಿದಿತ್ತು, ಅಲ್ಲಿ ಯಾರೋ ನಿಂತಿದ್ದರು.

"ಹಾರ್ಲನ್, ನೋಡ್ತಿದಾರೆ."

ಅವನು ತಲೆಯೆತ್ತಿ ಆ ಕಿಟಕಿಯನ್ನು ನೋಡಿದ. ಬೆಲ್ಟಿನ ತುದಿಯನ್ನು ನನ್ನ ಅಂಗೈಯಲ್ಲಿಟ್ಟ.

"ನೋಡ್ಲಿ ಬಿಡು. ನೀನೇ ಹಾಕು."