ಕಾದರೆ ನಿಲ್ಲುತ್ತಿದ್ದ ಮಷೀನು

ಅಕ್ಕಂದಿರೇ, ನಾನು ತಿಳವಳ್ಳಿಯ ಶೈಲಾ. ನಮ್ಮ ಮನೆಯವರು ಮಂಜಪ್ಪ, ಪೆಟ್ರೋಲ್ ಮಷೀನಿನಲ್ಲಿ ಮರ ಕೊಯ್ಯುವವರು. ಕೆಲಸದಲ್ಲಿ ಗಟ್ಟಿ, ಹಟದಲ್ಲಿ ಇನ್ನೂ ಗಟ್ಟಿ.

ಹೋದ ವರ್ಷ ಅವರ ಮಷೀನು ಕಾಲು ಗಂಟೆ ಓಡಿದರೆ ಸಾಕು, ಕಾದು ನಿಂತುಬಿಡುತ್ತಿತ್ತು. ಇವರು ಅದರ ಮೇಲೆ ಹಸಿ ಗೋಣಿ ಹಾಕಿ ಚಹಾ ಕುಡಿಯಲು ಕೂರುತ್ತಿದ್ದರು. ಆರಿದ ಮೇಲೆ ಮತ್ತೆ ಚಾಲೂ. ಪ್ಲಗ್ಗಿನ ವೈರು ಸೀಳಿದ್ದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದರು. ನಾನು ಕೇಳಿದರೆ, "ಮನಷ್ಯಾಗ ದಣಿವಾಗಂಗಿಲ್ಲೇನು? ಅದಕ್ಕೂ ಆಕ್ಕೈತಿ ತಗೋ" ಅನ್ನುತ್ತಿದ್ದರು.

ಒಂದು ದಿನ ನೆರೆಮನೆಯ ಶೇಖವ್ವನ ಹಿತ್ತಲಲ್ಲಿ ಒಣಗಿದ ಬೇವಿನ ಮರ ಕೊಯ್ಯುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಕೊಯ್ದಾಗ ಮಷೀನು ನಿಂತಿತು. ಇವರು ಎಂದಿನಂತೆ ಚಹಾಕ್ಕೆ ಕೂತರು. ಮಷೀನಿನ ಸದ್ದು ನಿಂತರೆ ನಮ್ಮಲ್ಲಿ ಹೆಂಗಸರು ಒಲೆಗೆ ಪುಳ್ಳೆ, ಒಣ ಕಡ್ಡಿ ಆರಿಸಲು ಹೋಗುತ್ತೇವೆ. ಶೇಖವ್ವನೂ ಹೋದಳು. ಗಾಳಿ ಬೀಸಿತು, ಮರ ಮುರಿದು ಬಿತ್ತು. ಅವಳಿಗೂ ಮರಕ್ಕೂ ಒಂದೇ ಮೊಳ ಅಂತರ.

ಇವರು ಅಂದು ಊಟ ಮುಟ್ಟಲಿಲ್ಲ. ಮರುದಿನ ನಾನೇ ಅವರನ್ನು ಮಷೀನಿನ ಸಮೇತ ಹೊರಡಿಸಿ ಜೊತೆಗೆ ಹಾನಗಲ್ಲಿಗೆ ಹೋದೆ. ಅಲ್ಲಿ ರಿಪೇರಿ ಅಂಗಡಿ ನಡೆಸುವ ನುಜಹತ, ತಂದೆಯಿಂದ ಕೆಲಸ ಕಲಿತ ಹುಡುಗಿ.

"ಪ್ಲಗ್ ಹೊಸಾದು ಹಾಕೇನಿ ತಂಗಿ, ಮಷೀನ್ ಚಲೋನ ಐತಿ" ಎಂದು ಇವರು ಶುರು ಮಾಡಿದರು.

"ತಡೀರಿ ಅಣ್ಣಾರ, ನೋಡೂಣು" ಎಂದ ನುಜಹತ ಮಷೀನನ್ನು ಓಡಿಸಿ ಕಾಯಿಸಿದಳು. ಅದು ನಿಂತ ಕೂಡಲೇ ಕಿಡಿ ನೋಡುವ ಟೆಸ್ಟರ್ ಹಚ್ಚಿ, ಚಾಲೂ ಮಾಡುವ ಹಗ್ಗ ಎಳೆದಳು. ಟೆಸ್ಟರಿನ ದೀಪ ಹತ್ತಲಿಲ್ಲ.

"ಕಿಡಿ ಹುಟ್ಟಿಸೋ ಕಾಯಿಲ್ ಕೆಟ್ಟೈತ್ರಿ. ಕಾದಾಗ ಕೈ ಕೊಡತೈತಿ. ವೈರ್ ಸೀಳಿದಲ್ಲೆ ಕಿಡಿ ಹೊರಗ ಹಾರತೈತಿ. ಪೆಟ್ರೋಲ್ ಚೆಲ್ಲಿತ್ತಂದ್ರ ನಿಮ್ಮ ಕೈಯಾಗ ಬೆಂಕಿ ನೋಡ್ರಿ!"

"ಹಂಗಾರ ಹೊಸಾ ಮಷೀನ ಬೇಕೇನು?"

"ಬ್ಯಾಡ್ರಿ. ಕಾಯಿಲ್, ವೈರ್ ಬದಲಿ ಮಾಡಿದ್ರ ಸಾಕು."

ಅದೇ ಮಷೀನಿಗೆ ಹೊಂದುವ ಕಾಯಿಲ್ಲು, ವೈರು ಹಾಕಿದಳು. ತಿರುಗುವ ಚಕ್ರಕ್ಕೂ ಕಾಯಿಲ್ಲಿಗೂ ನಡುವೆ ಒಂದು ದಪ್ಪ ಕಾರ್ಡು ಇಟ್ಟು ಬಿಗಿದು, ಕಾರ್ಡು ಹೊರಗೆಳೆದಳು. "ತಾಗಬಾರದ್ರಿ, ಭಾಳ ದೂರಾನೂ ಇರಬಾರದು" ಎಂದಳು. ಮಷೀನು ಅರ್ಧ ಗಂಟೆ ಓಡಿದರೂ ನಿಲ್ಲಲಿಲ್ಲ.

ಯಾರಿಗೂ ಸುಲಭಕ್ಕೆ ಬಾಗದ ನಮ್ಮವರು ಆ ಹುಡುಗಿಗೆ ಕೈ ಮುಗಿದರು. "ಶೇಖವ್ವ ಉಳದದ್ದು ದೇವರ ದಯಾ. ಇನ್ನ ಮುಂದ ಮಂದಿ ಉಳಿಯೂದು ನಿನ್ನ ದಯಾ, ತಂಗಿ."

ಮೊನ್ನೆ ಶೇಖವ್ವನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದರು. ಕೂಸನ್ನು ಇವರ ಕೈಗಿಟ್ಟು ಆಕೆ, "ನಾ ಇದನ್ನ ನೋಡೂದಿತ್ತು ನೋಡಪಾ, ಅದಕ್ಕ ಉಳದೆ" ಅಂದಳು. ಇವರು ಕಣ್ಣೊರೆಸಿಕೊಂಡರು. ನಾನು ಮನದಲ್ಲೇ ನುಜಹತಳಿಗೆ ಕೈ ಮುಗಿದೆ.

ಅಕ್ಕಂದಿರೇ, ನಿಮ್ಮ ಮನೆಯ ಮಷೀನೂ ಕಾದಾಗ ನಿಲ್ಲುತ್ತದೆಯೇ? ವೈರು ಸೀಳಿದೆಯೇ? ಪಟ್ಟಿ ಸುತ್ತಿ ದಿನ ದೂಡಬೇಡಿ, ಬಲ್ಲವರಿಗೆ ತೋರಿಸಿ ಬದಲಿಸಿ. ಮಷೀನು ಸುಮ್ಮನಾಯಿತೆಂದು ಅರ್ಧ ಕೊಯ್ದ ಮರದ ಕೆಳಗೆ ಯಾರನ್ನೂ ಬಿಡಬೇಡಿ. ಅಲ್ಲಿಗೆ ಪುಳ್ಳೆ ಆರಿಸಲು ಹೋಗುವವರು ನಾವೇ.