ಅತ್ತಿಗೆ ಕಟರ್ ಬಿಚ್ಚಿದ್ದು

ಅಣ್ಣನ ಕಾಲು ಮುರಿದ ಮೇಲೆ ಕಟರನ್ನು ಶೆಡ್ಡಿನ ಮೂಲೆಗೆ ತಳ್ಳಿ ಮೇಲೊಂದು ಹರಕು ಟಾರ್ಪಾಲು ಎಳೆದಿದ್ದೆವು. ಟ್ರಾಕ್ಟರಿನ ಹಿಂದೆ ಜೋಡಿಸಿದರೆ ಪೊದೆ, ಮುಳ್ಳುಗಿಡ, ಎದೆಯೆತ್ತರದ ಹುಲ್ಲು ಎಲ್ಲವನ್ನೂ ಸವರಿ ಹಾಕುವ ಯಂತ್ರ ಅದು. ಅಗಲವಾದ ಕಬ್ಬಿಣದ ಹೊದಿಕೆ, ಅದರ ನೆತ್ತಿಯ ಮೇಲೆ ಗೇರ್‌ಬಾಕ್ಸ್, ಹೊಟ್ಟೆಯ ಕೆಳಗೆ ತಿರುಗುವ ಎರಡು ಬ್ಲೇಡು. ಗುಡ್ಡದ ಇಳಿಜಾರಿನಲ್ಲಿರುವ ನಮ್ಮ ಹುಲ್ಲುಗಾವಲನ್ನು ವರ್ಷಕ್ಕೊಮ್ಮೆಯಾದರೂ ಸವರದಿದ್ದರೆ ಮುಳ್ಳು ಅದನ್ನು ನುಂಗಿಬಿಡುತ್ತದೆ. ಆಮೇಲೆ ಹಸುಗಳಿಗೆ ಬಾಯಿ ಹಾಕಲೂ ಜಾಗವಿರುವುದಿಲ್ಲ.

ಆ ದಿನ ಬ್ಲೇಡು ಕಲ್ಲಿಗೆ ಬಡಿಯಿತು. ಕಲ್ಲಿನ ಚೂರೊಂದು ಹೊದಿಕೆಯ ಮುಂದಿನ ಬಾಯಿಂದ ಚಿಮ್ಮಿ, ಸೀಟಿನ ಮೇಲಿದ್ದ ಅಣ್ಣನ ಮೀನಖಂಡಕ್ಕೆ ಹೊಡೆಯಿತು. ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ಅಣ್ಣ ಎಂಜಿನ್ ಆರಿಸಿ ಸ್ಟೀರಿಂಗಿಗೆ ಹಣೆ ಆನಿಸಿ, ನಾನು ಓಡಿ ಹೋಗುವವರೆಗೂ ಹಾಗೇ ಕೂತಿದ್ದ.

ಆಸ್ಪತ್ರೆಯಿಂದ ಬಂದವನು ಬೇರೆಯೇ ಮನುಷ್ಯ. ಕೂತಲ್ಲಿ ನಿಂತಲ್ಲಿ ತಮಾಷೆ ಮಾಡುತ್ತಿದ್ದವನು ಈಗ ಕಿಟಕಿ ಪಕ್ಕದ ಮಂಚದ ಮೇಲೆ ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಗೋಡೆ ನೋಡುತ್ತಿದ್ದ. ಏನು ಕೇಳಿದರೂ ‘ಹೂಂ’, ಇಲ್ಲವೇ ‘ಊಹೂಂ’. ಅಮ್ಮ ಬೆಳಿಗ್ಗೆ ಎದ್ದವಳೇ ಶೆಡ್ಡಿನ ಕಡೆ ತಿರುಗಿ ಶಾಪ ಹಾಕುತ್ತಿದ್ದಳು.

“ಆ ದರಿದ್ರ ಯಂತ್ರಾನ ಗುಜರಿಗೆ ಹಾಕಿ. ನನ್ನ ಮಗನ ಕಾಲು ತಿಂದಿದೆ, ಇನ್ನೂ ಮನೇಲಿ ಇಟ್ಕೊಂಡಿದೀರಲ್ಲ.”

ಅತ್ತಿಗೆ ನಮ್ಮ ಮನೆಗೆ ಬರುವ ಮೊದಲು ಪಟ್ಟಣದ ಅಂಗಡಿಯೊಂದರಲ್ಲಿ ಕನ್ನಡಕದ ಕಡ್ಡಿ ಜೋಡಿಸುವ, ಗಾಜು ಕೂರಿಸುವ ಕೆಲಸ ಮಾಡುತ್ತಿದ್ದಳು. ಸಾಸಿವೆಯಷ್ಟು ಸಣ್ಣ ಸ್ಕ್ರೂಗಳ ಜೊತೆ ಒಡನಾಡಿದ ಕೈ. ಆ ಕೈ ಒಂದು ದಿನ ಟಾರ್ಪಾಲು ಎಳೆದು ಪಕ್ಕಕ್ಕೆ ಹಾಕಿತು.

“ಬಾರೋ, ಇದನ್ನ ಮೇಲೆತ್ತೋಣ” ಅಂದಳು ನನಗೆ.

“ರಿಪೇರಿ ನೀವು ಮಾಡ್ತೀರಾ?”

“ಮೊದ್ಲು ಸ್ನಾನ ಮಾಡಿಸ್ತೀನಿ. ಆಮೇಲೆ ನೋಡೋಣ, ಯಾರಿಗೆ ಯಾರು ಸೋಲ್ತಾರೆ ಅಂತ.”

ಜಾಕಿ ಹಾಕಿ ಎತ್ತಿದೆವು. ಜಾಕಿಯೊಂದನ್ನೇ ನಂಬಿ ಕೆಳಗೆ ಕೈ ಹಾಕಲು ಅವಳು ಬಿಡಲಿಲ್ಲ. ನಾಲ್ಕೂ ಮೂಲೆಗೆ ದಪ್ಪ ದಿಮ್ಮಿ ಕೊಟ್ಟು, ಹೊದಿಕೆಯನ್ನು ಎರಡೂ ಕೈಯಿಂದ ಅಲ್ಲಾಡಿಸಿ ನೋಡಿ, ಆಮೇಲೆ ಕೆಳಗೆ ಮಲಗಿದಳು. ಒಳಗೆ ಒಣಗಿ ಗಟ್ಟಿಯಾದ ಹುಲ್ಲು ಗೋಡೆಯ ಗಿಲಾವಿನ ಹಾಗೆ ಮೆತ್ತಿಕೊಂಡಿತ್ತು. ಅದನ್ನು ಕೆರೆದು, ತೊಳೆದು, ಬಟ್ಟೆಯಲ್ಲಿ ಒರೆಸಿದಳು. ಅಷ್ಟು ವರ್ಷ ಓಡಿಸಿದ ನಮಗೆ ಆ ಯಂತ್ರದ ಮೂಲ ಬಣ್ಣ ಕೆಂಪು ಅನ್ನುವುದು ಗೊತ್ತಾದದ್ದು ಅವತ್ತು.

ತೊಳೆದ ಮೇಲೆ ರೋಗಗಳು ಒಂದೊಂದಾಗಿ ಕಂಡವು. ಬ್ಲೇಡು ತಿರುಗಿಸುವ ದಂಡಕ್ಕೆ ಹಳೆ ಬೇಲಿಯ ತಂತಿ ಸುತ್ತಿಕೊಂಡು, ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಸೀಲನ್ನು ಕೊಯ್ದುಹಾಕಿತ್ತು. ಗೇರ್‌ಬಾಕ್ಸಿನ ಎಣ್ಣೆ ನೀರು ಸೇರಿ ಹಾಲು ಜಾಸ್ತಿಯಾದ ಚಹಾದ ಬಣ್ಣಕ್ಕೆ ತಿರುಗಿತ್ತು. ಒಂದು ಬ್ಲೇಡಿನ ತುದಿಯೇ ಇರಲಿಲ್ಲ. ಕಲ್ಲು ಹೊರಗೆ ಸಿಡಿಯದಂತೆ ಮುಂದುಗಡೆ ತೆರೆಯ ಹಾಗೆ ಇಳಿಬಿಟ್ಟಿರಬೇಕಾದ ಸರಪಳಿಗಳೂ ಇರಲಿಲ್ಲ. ಹುಲ್ಲು ಸಿಕ್ಕಿಕೊಳ್ಳುತ್ತದೆಂದು ಅಣ್ಣನೇ ಅವನ್ನು ಬಿಚ್ಚಿ ಎಸೆದಿದ್ದ.

ಕೊನೆಗೆ, ಟ್ರಾಕ್ಟರಿನ ತಿರುಗುವ ಬಲವನ್ನು ಯಂತ್ರಕ್ಕೆ ತಲುಪಿಸುವ ಶಾಫ್ಟು ಗೇರ್‌ಬಾಕ್ಸಿಗೆ ಸೇರುವ ಕಡೆಯಿಂದ ಅವಳು ಒಂದು ಬೋಲ್ಟು ತೆಗೆದಳು. ಅಲ್ಲಿ ಮೆದು ಕಬ್ಬಿಣದ ಬೋಲ್ಟು ಇರಬೇಕು. ಬ್ಲೇಡಿಗೆ ಏನಾದರೂ ಬಲವಾಗಿ ಬಡಿದರೆ ಅದು ತಾನು ತುಂಡಾಗಿ ಉಳಿದದ್ದನ್ನೆಲ್ಲ ಉಳಿಸುತ್ತದೆ. ಅವಳ ಅಂಗೈಯಲ್ಲಿದ್ದದ್ದು ಗಟ್ಟಿ ಉಕ್ಕಿನದು. ಪದೇ ಪದೇ ತುಂಡಾಗುವ ರಗಳೆಯೇ ಬೇಡವೆಂದು ಅಣ್ಣ ಹಾಕಿದ್ದು.

“ಅಣ್ಣಂಗೆ ತೋರಿಸ್ತೀರಾ?” ಅಂದೆ.

ಅತ್ತಿಗೆ ಬೋಲ್ಟನ್ನು ಒರೆಸಿ ಹಳೆ ಮೊಳೆಗಳ ಡಬ್ಬಿಗೆ ಹಾಕಿದಳು. “ಅವ್ರಿಗೆ ಗೊತ್ತಿಲ್ದೇ ಇರೋದು ಇದ್ರಲ್ಲಿ ಏನಿದೆ? ಕಾಲು ಮುರ್ಕೊಂಡು ಮಲಗಿರೋರ ಮೇಲೆ ಕಬ್ಬಿಣ ಬೇರೆ ಎಸೀಬೇಕಾ?”

ಆಮೇಲೆ ಅವಳು ಮಾಡಿದ್ದು ನನಗೆ ಮೊದಲು ಅರ್ಥವಾಗಲಿಲ್ಲ. ಶೆಡ್ಡಿನಲ್ಲಿ ಬೇಕಾದಷ್ಟು ಜಾಗವಿದ್ದರೂ ಗೇರ್‌ಬಾಕ್ಸನ್ನು ಕೈಗಾಡಿಯಲ್ಲಿ ತಂದು ಅಣ್ಣನ ಕಿಟಕಿಯ ಹೊರಗೆ ಇಳಿಸಿಕೊಂಡಳು. ನೆಲದ ಮೇಲೆ ಹಳೆ ಬೆಡ್‌ಶೀಟು ಹಾಸಿ, ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟಳು. ಪಟ್ಟಣದಿಂದ ತಂದ ಹೊಸ ಸೀಲನ್ನು ಎತ್ತಿ ಹಿಡಿದು, ಅಗತ್ಯಕ್ಕಿಂತ ಗಟ್ಟಿಯಾಗಿ ಕೇಳಿದಳು.

“ಈ ಸೀಲಿಗೆ ಸ್ಪ್ರಿಂಗ್ ಇರೋ ಮುಖ ಹೊರಗಡೆಗೆ ಬರ್ಬೇಕು, ಅಲ್ವೇನೋ?”

“ಇರ್ಬೇಕು” ಅಂದೆ ನಾನು, ಗೊತ್ತಿಲ್ಲದೆ.

ಕಿಟಕಿಯೊಳಗಿಂದ ಒಂದು ಮಾತು ಬಂತು. “ಒಳಗೆ.”

ಅತ್ತಿಗೆ ತಲೆ ಎತ್ತಲಿಲ್ಲ. “ಹೌದಾ? ಸರಿ. ಬ್ಲೇಡು ಒಂದೇ ಹಾಳಾಗಿರೋದು. ಅದೊಂದನ್ನೇ ಹೊಸದು ತಂದ್ರೆ ಆಯ್ತು.”

“ತಲೆ ಕೆಟ್ಟಿದ್ಯಾ?” ಮಂಚ ಕಿರುಗುಟ್ಟಿತು. “ಎರಡನ್ನೂ ಒಟ್ಟಿಗೇ ಬದಲಾಯಿಸ್ಬೇಕು. ತೂಕ ಹೆಚ್ಚುಕಮ್ಮಿ ಆದ್ರೆ ಇಡೀ ಯಂತ್ರ ನಡುಗಿ ನಡುಗಿ, ನೀನು ಹಾಕಿರೋ ಸೀಲೂ ಹೋಗತ್ತೆ, ಬೇರಿಂಗೂ ಹೋಗತ್ತೆ.”

ಅಪಘಾತವಾದ ಮೇಲೆ ಅಣ್ಣ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. ಅಡುಗೆಮನೆಯಲ್ಲಿ ಅಮ್ಮನ ಕೈಯ ಪಾತ್ರೆಯ ಸದ್ದೂ ನಿಂತಿತು. ಅವತ್ತಿನಿಂದ ದಿನವೂ ಅತ್ತಿಗೆ ತಪ್ಪು ತಪ್ಪು ಮಾತಾಡುವುದು, ಅಣ್ಣ ಕಿಟಕಿಯಿಂದ ರೇಗುವುದು. ಬರಬರುತ್ತಾ ಅವನು ಕಿಟಕಿ ಸರಳಿಗೆ ಮುಖವಿಟ್ಟು ಕೂರತೊಡಗಿದ. ಊಟ ಸೇರತೊಡಗಿತು. ಬೇರಿಂಗನ್ನು ಹೇಗೆ ಬಡಿದು ಕೂರಿಸಬೇಕು, ಸುತ್ತಿಗೆಗೂ ಬೇರಿಂಗಿಗೂ ನಡುವೆ ಮರದ ತುಂಡು ಯಾಕಿರಬೇಕು, ಎಣ್ಣೆ ಎಲ್ಲಿವರೆಗೆ ಹೊಯ್ಯಬೇಕು, ಎಲ್ಲಾ ಹೇಳಿದ. ಬ್ಲೇಡಿನ ಬೋಲ್ಟುಗಳನ್ನು ಉದ್ದನೆಯ ಹಿಡಿಯ ಸ್ಪ್ಯಾನರಿನಲ್ಲಿ ಬಿಗಿಯುವಾಗ ಅತ್ತಿಗೆಯ ಕುತ್ತಿಗೆಯ ನರ ಉಬ್ಬಿದ್ದನ್ನು ನೋಡಿ, “ಇನ್ನೂ ಸ್ವಲ್ಪ. ಹಾಂ, ಸಾಕು. ಭೇಷ್” ಅಂದ.

ಪಟ್ಟಣದ ಬಿಡಿಭಾಗದ ಅಂಗಡಿಯವನು ಒಮ್ಮೆ ನನಗೆ ಸಿಕ್ಕಿ, ಅತ್ತಿಗೆ ಸೀಲು ತೆಗೆದುಕೊಂಡಾಗಲೇ ಯಾವ ಮುಖ ಯಾವ ಕಡೆ ಅನ್ನುವುದನ್ನು ಕೇಳಿ, ಹಾಕಿ ತೋರಿಸು ಅಂತ ಪಟ್ಟು ಹಿಡಿದು ಕಲಿತು ಹೋದಳೆಂದು ಹೇಳಿದ. ಮನೆಗೆ ಬಂದು ಕೇಳಿದೆ. “ಗೊತ್ತಿದ್ದೂ ಯಾಕೆ ತಪ್ಪು ಹೇಳಿದ್ರಿ ಅತ್ತಿಗೆ?”

“ನಿಮ್ಮಣ್ಣನ ಬಾಯಿ ಬಿಡಿಸೋಕೆ ಯಾವ ನಂಬರ್ ಸ್ಪ್ಯಾನರ್ ಹಾಕ್ಬೇಕಿತ್ತು ಮತ್ತೆ?” ಅಂದು, ಗ್ರೀಸ್ ಮೆತ್ತಿದ ಕೈ ಒರೆಸಿಕೊಂಡಳು.

ಸರಪಳಿ ಕೆಲಸಕ್ಕೆ ವೆಲ್ಡಿಂಗ್ ಅಂಗಡಿಗೆ ಹೋದೆವು. ಅಂಗಡಿಯ ಯಜಮಾನನನ್ನು ಎಲ್ಲರೂ ಕಿಡಿ ಮಾಮ ಅನ್ನುತ್ತಾರೆ. ಅವನ ಅಂಗಿಗಳಲ್ಲಿ ಕಿಡಿ ಹಾರಿ ಸುಟ್ಟ ತೂತಿಲ್ಲದ್ದು ಒಂದೂ ಇಲ್ಲ. ಅವನು ಹೊದಿಕೆಯನ್ನು ನೋಡಿ ನಕ್ಕ.

“ಸರಪಳಿ ಯಾಕ್ ತಂಗಿ? ಹಾಕಿಸ್ಕೊಂಡು ಹೋದೋರೆಲ್ಲ ತಿಂಗಳಲ್ಲೇ ಬಿಚ್ಚಾಕ್ತಾರೆ.”

“ಬಿಚ್ಚಿದೋರು ಒಬ್ಬರು ನಮ್ಮನೇಲೇ ಮಲಗಿದಾರೆ ಮಾಮ. ನೀವು ಒಂದಕ್ಕೊಂದು ಒತ್ತಾಗಿ ಹಾಕ್ಕೊಡಿ, ಬೆರಳು ತೂರಬಾರದು.”

ಕಿಡಿ ಮಾಮ ಮತ್ತೆ ನಗಲಿಲ್ಲ. ಸರಪಳಿ ತುಂಡುಗಳನ್ನು ಸಮವಾಗಿ ಕತ್ತರಿಸಿ, ಒಂದೊಂದನ್ನೂ ಜಗ್ಗಿ ನೋಡಿ ಕೂರಿಸಿದ. ಹೊರಡುವಾಗ, ಶಾಫ್ಟಿನ ಒಡೆದ ಪ್ಲಾಸ್ಟಿಕ್ ಕವಚವನ್ನೂ ಬದಲಾಯಿಸಿಕೊಳ್ಳಿ, ಬರಿಯ ಶಾಫ್ಟಿಗೆ ಬಟ್ಟೆ ಸಿಕ್ಕಿದರೆ ಮನುಷ್ಯರನ್ನೇ ಎಳೆದುಕೊಳ್ಳುತ್ತದೆ ಎಂದು ತಾನಾಗಿಯೇ ಹೇಳಿದ. ಅತ್ತಿಗೆ ಚೀಲದಿಂದ ಹೊಸ ಕವಚವನ್ನು ತೆಗೆದು ತೋರಿಸಿದಳು.

ಸವರುವ ದಿನದ ಹಿಂದಿನ ಸಂಜೆ ನಾವಿಬ್ಬರೂ ಇಳಿಜಾರನ್ನು ಕಾಲಲ್ಲಿ ತುಳಿದೆವು. ಕಲ್ಲು ಕಂಡಲ್ಲಿ ಕೋಲು ನೆಟ್ಟು ಬಟ್ಟೆಯ ಚೂರು ಕಟ್ಟಿದೆವು. ಮರುದಿನ ಟ್ರಾಕ್ಟರಿನ ಸೀಟು ಏರಲು ಹೊರಟ ನನ್ನನ್ನು ಅತ್ತಿಗೆ ಪಕ್ಕಕ್ಕೆ ಸರಿಸಿ ತಾನೇ ಹತ್ತಿದಳು. ಅಮ್ಮ ಜಗಲಿಯ ಮೇಲೆ ಬಾಯಿಗೆ ಸೆರಗು ಒತ್ತಿ ನಿಂತಿದ್ದಳು. ಅಣ್ಣ ಆಗಷ್ಟೇ ಪ್ಲಾಸ್ಟರ್ ತೆಗೆಸಿಕೊಂಡಿದ್ದ. ಊರುಗೋಲು ಹಿಡಿದು ಬೇಲಿಯ ತನಕ ಬಂದ.

ಬ್ಲೇಡು ತಿರುಗತೊಡಗಿತು. ಮೊದಲಿನ ಕರ್ಕಶ ಸದ್ದು ಇರಲಿಲ್ಲ. ದೊಡ್ಡ ಜೇನುಗೂಡಿನ ಹತ್ತಿರ ನಿಂತ ಹಾಗೆ ಒಂದೇ ಸಮನೆ ಗುಂಯ್ ಅನ್ನುತ್ತಿತ್ತು. ಅವಳು ನಿಧಾನವಾಗಿ ಇಳಿಜಾರಿನಲ್ಲಿ ಹೋದಳು, ಬಂದಳು. ಹಿಂದೆ ಬಿದ್ದ ಪಟ್ಟಿ ನುಣ್ಣಗಿತ್ತು. ಬಿಸಿಲೇರುವ ಹೊತ್ತಿಗೆ ಅರ್ಧ ಗುಡ್ಡ ಹೊರಗೆ ಬಂದಿತ್ತು.

ಆಗ ಠಪ್ ಅಂತ ಸದ್ದಾಯಿತು. ಬ್ಲೇಡಿನ ಗುಂಯ್‌ಕಾರ ನಿಂತೇ ಹೋಯಿತು. ಅಮ್ಮ “ಅಯ್ಯೋ” ಅಂದದ್ದು ಅಷ್ಟು ದೂರಕ್ಕೂ ಕೇಳಿಸಿತು. ಅಣ್ಣ ಊರುಗೋಲನ್ನು ಅಲ್ಲೇ ಬಿಟ್ಟು, ಬೇಲಿಯ ಗೇಟು ತಳ್ಳಿ, ಕುಂಟುತ್ತಾ ಓಡಿದ. ನಾನು ಅವನ ಹಿಂದೆ.

ಅತ್ತಿಗೆ ಎಂಜಿನ್ ಆರಿಸಿ, ಬೀಗದ ಕೈ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೆಳಗಿಳಿದು ನಿಂತಿದ್ದಳು. ಹುಲ್ಲಿನ ಬುಡದಲ್ಲಿ ಯಾವುದೋ ಕಾಲದ ಮರದ ಮೋಟು ಇತ್ತು. ನಮ್ಮಿಬ್ಬರ ಕಾಲಿಗೂ ಸಿಕ್ಕಿರಲಿಲ್ಲ. ಅದರ ಮೇಲೆ ಬ್ಲೇಡಿನ ಗಾಯ ಹಸಿಯಾಗಿ ಕಾಣುತ್ತಿತ್ತು. ಸರಪಳಿಗಳ ನಡುವೆ ಮೋಟಿನ ಚಕ್ಕೆಗಳು ಸಿಕ್ಕಿ ನೇತಾಡುತ್ತಿದ್ದವು. ಅವಳು ಶಾಫ್ಟಿನ ಬುಡದಿಂದ ಮೆದು ಬೋಲ್ಟಿನ ತುಂಡನ್ನು ಹೊರಗೆ ತೆಗೆದು ಅಣ್ಣನ ಕೈಗಿಟ್ಟಳು. ಚಾಕುವಿನಲ್ಲಿ ಕೊಯ್ದ ಹಾಗೆ ತುಂಡಾಗಿತ್ತು.

ಅಣ್ಣ ಅದನ್ನು ಬೆಳಕಿಗೆ ಹಿಡಿದು ನೋಡಿದ. “ಇಷ್ಟೇನಾ ಹೋಗಿದ್ದು?”

“ಇಷ್ಟೇ. ಗೇರ್‌ಬಾಕ್ಸ್ ನೋಡ್ದೆ, ಬ್ಲೇಡ್ ನೋಡ್ದೆ. ಏನೂ ಆಗಿಲ್ಲ.”

“ನಾನು ಅಲ್ಲಿ ಗಟ್ಟಿ ಬೋಲ್ಟ್ ಹಾಕಿದ್ದೆ.”

“ಗೊತ್ತು.”

“ಗೊತ್ತಿದ್ದೂ ಒಂದಿನಾನೂ ಅನ್ಲಿಲ್ಲ ನೀನು.”

“ಅಂದಿದ್ರೆ ಕಿಟಕಿ ಹಾಕ್ಕೊಂಡ್ಬಿಡ್ತಿದ್ರಿ. ಆಮೇಲೆ ನಂಗೆ ಬೇರಿಂಗ್ ಕೂರಿಸೋದು ಯಾರು ಹೇಳ್ಕೊಡ್ತಿದ್ರು?”

ಅಣ್ಣನಿಗೆ ನಗು ಬಂತು, ಅದರ ಹಿಂದೆಯೇ ಕಣ್ಣಲ್ಲಿ ನೀರೂ ಬಂತು. ಎರಡನ್ನೂ ತೋಳಿನಿಂದ ಒರೆಸಿಕೊಂಡ. “ಇನ್ನೊಂದು ಬೋಲ್ಟ್ ಇದ್ಯಾ?” ಅಂದ. ಅವಳು ಸೀಟಿನ ಕೆಳಗಿನ ಪೆಟ್ಟಿಗೆಯಿಂದ ತಂದುಕೊಟ್ಟಳು. ಅವನು ಹುಲ್ಲಿನ ಮೇಲೆ ಕಾಲು ಚಾಚಿ ಕೂತು, ತಾನೇ ಅದನ್ನು ತೂರಿಸಿ ಬಿಗಿದ. ಬಿಗಿದಾದ ಮೇಲೆ ನಟ್ಟಿನ ಮೇಲೆ ಹೆಬ್ಬೆರಳು ಸವರಿ, “ಹತ್ತು” ಅಂದ.

ಸೂರ್ಯ ಇಳಿಯುವ ಮೊದಲು ಗುಡ್ಡ ಪೂರ್ತಿ ಸವರಿಯಾಗಿತ್ತು. ಮೇಲಿನ ಅಂಚಿನಲ್ಲಿ, ಮುಳ್ಳಿನಡಿ ಮುಚ್ಚಿಹೋಗಿ ನಾನು ಮರೆತೇಬಿಟ್ಟಿದ್ದ ಚಪ್ಪಟೆ ಬಂಡೆ ಕಂಡಿತು. ಅಮ್ಮ ಯಾರನ್ನೂ ಕೇಳದೆ ಬುತ್ತಿ ಹೊತ್ತು ಅಲ್ಲಿಗೇ ಹತ್ತಿ ಬಂದು ಕೂತಳು. ಮೊದಲ ತುತ್ತನ್ನು ಅತ್ತಿಗೆಯ ಕೈಗೆ ಕೊಡುತ್ತಾ, “ಕೈ ತೊಳ್ಕೊಂಡ್ಯೇನೇ?” ಅಂದಳು.

“ಎಷ್ಟು ತೊಳೆದ್ರೂ ಹೋಗ್ತಿಲ್ಲ ಅತ್ತೆ.”

ಅಮ್ಮ ಆ ಕೈಯನ್ನು ತಿರುಗಿಸಿ ನೋಡಿದಳು. ಉಗುರಿನ ಸಂದಿಯಲ್ಲಿ ಕಪ್ಪು, ಹೆಬ್ಬೆರಳಿನ ಬುಡದಲ್ಲಿ ಒಣಗಿದ ಗಾಯ. “ಇರ್ಲಿ ಬಿಡು” ಎಂದು ತಾನೇ ಕಲಸಿ ಅವಳ ಬಾಯಿಗಿಟ್ಟಳು. ಅಣ್ಣ ಬಂಡೆಗೆ ಒರಗಿ, ಹಸುಗಳು ಹೊಸ ಪಟ್ಟಿಗಳ ಮೇಲೆ ಒಂದೊಂದಾಗಿ ಹತ್ತಿ ಬರುವುದನ್ನು ನೋಡುತ್ತಿದ್ದ.