ಧನಮಾಯಳ ಹೊಟ್ಟೆನೋವು

ಬೆಳಗಿನ ಕೆಲಸ ಶುರುವಾದ ಸ್ವಲ್ಪ ಹೊತ್ತಿಗೇ ಧನಮಾಯ ಹೊಟ್ಟೆ ಹಿಡಿದುಕೊಂಡು ಬಟ್ಟೆ ಗಂಟಿನ ಮೇಲೆ ಕುಸಿದಳು. ಬಂಗಾರಪೇಟೆಯ ಆ ಗಾರ್ಮೆಂಟ್ಸಿನಲ್ಲಿ ಹೊಟ್ಟೆನೋವಿಗೆ ರಜೆಯಿಲ್ಲ. ಪಕ್ಕದಲ್ಲಿ ಕಾಜಾ ಹೊಲಿಯುತ್ತಿದ್ದ ಕದಿರಮ್ಮ ಯಾರನ್ನೂ ಕೇಳದೆ ಅವಳನ್ನು ಆಟೋ ಹತ್ತಿಸಿದಳು.

ಧನಮಾಯ ನೇಪಾಳದವಳು. ಗಂಡ ಟೇಕ್ ಬಹದ್ದೂರ್ ಆಂಡರ್ಸನ್‌ಪೇಟೆಯ ಅಂಗಡಿಗಳಿಗೆ ಕಾವಲುಗಾರ. ಮುಚ್ಚಿಹೋದ ನಂದಿದುರ್ಗ ಚಿನ್ನದ ಗಣಿಯ ಕೂಲಿ ಲೈನಿನಲ್ಲಿ ಕದಿರಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಇಬ್ಬರ ವಾಸ. ಈ ದೇಶದಲ್ಲಿ ಕಾಯಿಲೆ ಬಿದ್ದರೆ ಯಾರ ಬಾಗಿಲು ತಟ್ಟಬೇಕು ಎಂದು ಅವಳು ಕೇಳಿದಾಗಲೆಲ್ಲ ಕದಿರಮ್ಮ ನಗುತ್ತಿದ್ದಳು.

"ನಿನ್ ಸಂಬಳದಾಗೂ ನರೇಶ ಇಎಸ್‌ಐ ಅಂತ ಇಡ್ಕೊಂತಾನಲ್ಲಮ್ಮಿ? ಆಸ್ಪತ್ರೆಗೇ ಅದು. ಎದ್ರಬೇಡ."

ನರೇಶ್ ಕೂಲಿಯವರ ಕಾಂಟ್ರಾಕ್ಟರು. ಊರಿನ ಹೆಂಗಸರಿಗೆ ಕಾರ್ಡು ಕೊಟ್ಟಿದ್ದ. ಧನಮಾಯ ಕೇಳಿದರೆ "ಬತ್ತೈತೆ, ಬತ್ತೈತೆ" ಅನ್ನುತ್ತಿದ್ದ.

ಇಎಸ್‌ಐ ನಡೆಯುವ ಆಸ್ಪತ್ರೆಯ ಕೌಂಟರಿನಲ್ಲಿ ಹುಡುಗಿ ನಂಬರು ಕೇಳಿದಳು. ಕದಿರಮ್ಮ ತಮ್ಮ ಲೈನು ಮನೆಯ ನಂಬರು ಹೇಳಿದಳು. ನಗಬೇಡಿ. ಗಣಿ ನಡೆಯುತ್ತಿದ್ದ ಕಾಲದಲ್ಲಿ ಗಣಿ ಆಸ್ಪತ್ರೆಯಲ್ಲಿ ಲೈನು ನಂಬರು ಹೇಳಿದರೆ ಮನೆಗೆ ಬಂದ ನೆಂಟರಿಗೂ ಔಷಧಿ ಸಿಗುತ್ತಿತ್ತೆಂದು ಅವಳ ಅತ್ತೆ ಹೇಳುತ್ತಿದ್ದಳು. ಅವಳಿಗೆ ಗೊತ್ತಿದ್ದ ಆಸ್ಪತ್ರೆ ಅದೊಂದೇ.

"ಅದಲ್ಲಮ್ಮಾ, ಇವರ ಇಎಸ್‌ಐ ನಂಬರು. ಯಾವ ಊರು ಇವರದು?"

"ನಮ್ ಲೈನೇ. ಉಟ್ಟಿದ್ದು ನೇಪಾಳ. ಮದ್ಲು ನೋಡ್ರಮ್ಮಾ, ತಡ್ಕಣಾಕೆ ಆಗ್ತಿಲ್ಲ ಇವ್ಳಿಗೆ."

ಹುಡುಗಿ ಕಂಪ್ಯೂಟರಿನಲ್ಲಿ ಹುಡುಕಿದಳು. ಹೆಸರಿರಲಿಲ್ಲ; ನಂಬರಿಲ್ಲದೆ ಒಳಗೆ ಕಳಿಸೋಕಾಗಲ್ಲ ಎಂದಳು. ಕದಿರಮ್ಮ ನರೇಶನಿಗೆ ಫೋನು ಮಾಡಿದಳು. "ಬತ್ತೀನಿ, ಅಲ್ಲೇ ಕಾಯ್ರಿ" ಎಂದ. ಕಾದರು. ಮಧ್ಯಾಹ್ನವಾಯಿತು. ಧನಮಾಯಳ ಮೈ ಕೆಂಡದಂತೆ ಸುಡುತ್ತಿತ್ತು.

"ದಿದಿ, ನನ್ನ ಹೆಸರು ಇಲ್ಲಿ ಇಲ್ವಾ?"

"ಐತೆ, ಇರವ್ವ. ಬತ್ತಾವ್ನೆ."

ಮತ್ತೆ ಫೋನು ಮಾಡಿದಾಗ ನರೇಶ್ ಬೇರೆ ರಾಗ ತೆಗೆದ. "ಪರದೇಶದೋರಿಗೆ ಇಎಸ್‌ಐ ಎಲ್ಲೈತಮ್ಮಾ? ಅವ್ಳು ನಮ್ ಲಿಸ್ಟಲ್ಲೇ ಇಲ್ಲ."

ಸಂಬಳದಲ್ಲಿ ಹಿಡಿದುಕೊಳ್ಳುವಾಗ ಅವಳು ಪರದೇಶದವಳೆಂದು ಈ ಪುಣ್ಯಾತ್ಮನಿಗೆ ನೆನಪಾಗಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಈ ಪೂಜಾರಿ ಹುಂಡಿಯನ್ನೇ ಹೊತ್ತುಕೊಂಡು ಹೋಗಿದ್ದ.

ಕೋಲಾರದ ಸರ್ಕಾರಿ ಆಸ್ಪತ್ರೆಗೆ ಓಡಿದರು. ಅಲ್ಲಿ ಯಾರೂ ನಂಬರು ಕೇಳಲಿಲ್ಲ, ಸೀದಾ ಒಳಗೆ ಕರೆದುಕೊಂಡರು. ಆದರೆ ಹೊಟ್ಟೆಯೊಳಗೆ ಅಪೆಂಡಿಕ್ಸ್ ಎನ್ನುವ ಕರುಳಿನ ಬಾಲ ಒಡೆದು ಕೀವು ಹರಡಿಬಿಟ್ಟಿತ್ತು.

"ಬೆಳಿಗ್ಗೆಯೇ ಕರ್ಕೊಂಡ್ಬಂದಿದ್ರೆ ಉಳಿಸ್ಬೋದಿತ್ತಮ್ಮಾ" ಎಂದರು ಡಾಕ್ಟರು.

ಮರುದಿನ ಧನಮಾಯ ತೀರಿಕೊಂಡಳು. ಕದಿರಮ್ಮ ಎದೆ ಬಡಿದುಕೊಂಡು ಅತ್ತಳು. "ನಾನೇ ಅಲ್ಲಿ ಕುಂದ್ರಿಸ್ಕಂಡು ಕಾಯಿಸ್ದೆನಲ್ಲಪ್ಪಾ ಬಹದ್ದೂರ್! ಎದ್ರಬೇಡ ಅಂದೋಳೂ ನಾನೇ!" ಅವನು ಅವಳ ಕೈ ಹಿಡಿದುಕೊಂಡು ತನ್ನ ಭಾಷೆಯಲ್ಲಿ ಏನೇನೋ ಹೇಳಿ ಅತ್ತ.

ಮಣ್ಣು ಮಾಡಿದ ಮೇಲೆ ಕದಿರಮ್ಮ ಅವನನ್ನು ಕರೆದುಕೊಂಡು ಫ್ಯಾಕ್ಟರಿಗೆ ಹೋದಳು. ನರೇಶ್ ಗೇಟಿನಲ್ಲೇ ತಡೆದ.

"ಆವಮ್ಮ ನಮ್ಮತ್ರ ಕೆಲ್ಸಕ್ಕೇ ಇರ್ಲಿಲ್ಲ. ನಿನ್ ಕಾರ್ಡು ನಿಂಗೈತಲ್ಲ ಕದಿರಮ್ಮಾ? ಸುಮ್ನೆ ಓಗಿ ಕೆಲ್ಸ ನೋಡು."

ಬಾಗಿಲಾಚೆಯ ಹೆಂಗಸರೆಲ್ಲ ಇತ್ತಲೇ ನೋಡುತ್ತಿದ್ದರು. ಕದಿರಮ್ಮ ಅವರತ್ತ ತಿರುಗಿದಳು. ಎಲ್ಲರಿಗೂ ಕೇಳುವಂತೆ ಹೇಳಿದಳು.

"ಅವ್ಳು ಇರ್ಲಿಲ್ವಾ? ಅಂಗಾದ್ರೆ ಅವ್ಳ ಪಕ್ಕದಾಗೆ ಕುಂತಿದ್ದ ನಾನೂ ಇರ್ಲಿಲ್ಲ."

ಅಷ್ಟು ಹೇಳಿ ಗೇಟಿನ ಮುಂದೆ ಮಣ್ಣಲ್ಲಿ ಕೂತಳು. ಟೇಕ್ ಬಹದ್ದೂರ್ ಪಕ್ಕದಲ್ಲಿ ಕೂತ.

ಒಳಗಿನಿಂದ, ಅವರ ಸಾಲಿನಲ್ಲೇ ಹೊಲಿಯುತ್ತಿದ್ದ ಶ್ಯಾಮಲಾ ಎದ್ದು ಬಂದಳು. "ನಾನೂ ಇರ್ಲಿಲ್ಲ." ಹಿಂದೆಯೇ ಪುಷ್ಪ ಬಂದಳು. ಒಂದೊಂದೇ ಮೆಷಿನ್ನಿನ ಸದ್ದು ನಿಂತಿತು.

"ಏಯ್! ಇವತ್ತು ಲೋಡು ಓಗ್ಬೇಕ್ರೇ!" ನರೇಶ್ ಕಿರುಚಿದ.

"ಇಲ್ದೇ ಇರೋರ ಕೈಲಿ ಬಟ್ಟೆ ಒಲಿಸ್ಕೋ ಓಗು" ಎಂದಳು ಕದಿರಮ್ಮ.